ಉಣುಗು (ಟಿಕ್) ಕಚ್ಚಿ ಬರುವ ಲೈಮ್ ಕಾಯಿಲೆಗೆ ವಾರಗಟ್ಟಲೆ ಆಂಟಿಬಯಾಟಿಕ್, ಹೊಟ್ಟೆ ಪೂರ್ತಿ ಹಾಳು. ನೀವೆಲ್ಲ ಏನು ಮಾಡಿದಿರಿ?

ಕಾವೇರಿಮನೆ (ಕನೆಕ್ಟಿಕಟ್):
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಬಲ ಮೊಣಕಾಲು ಊದಿಕೊಂಡು, ಲೈಮ್ ಅಂತ ಗೊತ್ತಾಯಿತು. 28 ದಿನ ಡಾಕ್ಸಿಸೈಕ್ಲಿನ್ (ಡಾಕ್ಸಿ) ಅನ್ನುವ ಆಂಟಿಬಯಾಟಿಕ್ ಆಯಿತು. ಊತ ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಅದಕ್ಕೆ ಇನ್ನೊಂದು 28 ದಿನ ಬರೆದಿದ್ದಾರೆ. ಈಗ 6ನೇ ವಾರ. ಮಾತ್ರೆ ನುಂಗಿದ ಅರ್ಧ ಗಂಟೆಗೆ ವಾಕರಿಕೆ. ಮೂರು ದಿನದಿಂದ ದಿನಕ್ಕೆ 5-6 ಸಲ ನೀರಿನಂಥ ಭೇದಿ. ಮೊಸರನ್ನ ಬಿಟ್ಟು ಏನೂ ಸೇರುತ್ತಿಲ್ಲ. 4 ಕೆಜಿ ಇಳಿದಿದ್ದಾರೆ. ಅಪಾಯಿಂಟ್‌ಮೆಂಟ್ ಇರುವುದು ಮುಂದಿನ ಗುರುವಾರ. ಅಲ್ಲಿವರೆಗೆ ಅಂಗಡಿಯಲ್ಲಿ ಸಿಗುವ ಭೇದಿ ನಿಲ್ಲಿಸುವ ಮಾತ್ರೆ ಕೊಡಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಎಡಿಸನ್‌ವಾಸಿ (ನ್ಯೂಜೆರ್ಸಿ):
ತಂಗೀ, ನಾನು 14 ತಿಂಗಳು ಆಂಟಿಬಯಾಟಿಕ್ ನುಂಗಿದವಳು. ಮೊದಲ ಡಾಕ್ಟರು 14 ದಿನ ಡಾಕ್ಸಿ ಕೊಟ್ಟು "ಆಯಿತು, ಲೈಮ್ ಹೋಯಿತು" ಅಂದರು. ಹೋಗಿದ್ದರೆ ನಾನು ಯಾಕೆ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ? ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದೂ ನೆನಪಿರುತ್ತಿರಲಿಲ್ಲ. ಎರಡು ಸಲ ಬೇಳೆ ಸೀದು ಮನೆಯೆಲ್ಲ ಹೊಗೆ. ಕೊನೆಗೆ ಲೈಮ್ ಒಂದನ್ನೇ ನೋಡುವ ಡಾಕ್ಟರ ಹತ್ತಿರ ಹೋದೆ. ಇನ್ಶೂರೆನ್ಸ್‌ನವರು ಒಂದು ಪೈಸೆ ಕೊಡಲಿಲ್ಲ. ಮೊದಲ ಭೇಟಿ 950 ಡಾಲರ್. ಆಮೇಲೆ ಆರೇಳು ವಾರಕ್ಕೊಮ್ಮೆ 425, ಹಾಗೆ 9 ಸಲ. ರಕ್ತದ ಟೆಸ್ಟುಗಳಿಗೆ 1,310. ಪ್ರೋಬಯಾಟಿಕ್‌ಗೆ (ಹೊಟ್ಟೆಗೆ ಒಳ್ಳೆಯದು ಅಂತ ತಗೊಳ್ಳುವ ಸೂಕ್ಷ್ಮಜೀವಿಗಳು) ತಿಂಗಳಿಗೆ 60. ಒಟ್ಟು 6,925 ಡಾಲರ್. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆ ವರ್ಷ ಊರಿಗೆ ಹೋಗುವ ಟಿಕೆಟ್ ಕ್ಯಾನ್ಸಲ್ ಮಾಡಿದೆವು. ತಮ್ಮನ ಮದುವೆಯನ್ನು ಫೋನಿನಲ್ಲಿ ನೋಡಿದೆ.

ಮೂರನೇ ತಿಂಗಳಿಗೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟಿತು. ತಿಳಿಸಾರು ಬಾಯಿಗಿಟ್ಟರೂ ಉರಿ. ಅದು ಫಂಗಸ್ ಅಂತ ಬೇರೆ ಔಷಧಿ ಕೊಟ್ಟರು. ಸಂಜೆಯಾದರೆ ಹೊಟ್ಟೆ ಉಬ್ಬಿ, ಸೀರೆ ನೆರಿಗೆ ಸಡಿಲಿಸಿ ಕೂರಬೇಕಿತ್ತು. ನನ್ನನ್ನು ಉಳಿಸಿದ್ದು ಎರಡೇ: ಬೌಲಾರ್ಡಿ ಕ್ಯಾಪ್ಸೂಲ್ ಮತ್ತು ಮನೆಯಲ್ಲಿ ಹೆಪ್ಪು ಹಾಕಿದ ಮೊಸರು. ಬೌಲಾರ್ಡಿ ಅನ್ನುವುದು ಯೀಸ್ಟ್, ಬ್ಯಾಕ್ಟೀರಿಯಾ ಅಲ್ಲ. ಹಾಗಾಗಿ ಆಂಟಿಬಯಾಟಿಕ್‌ಗೆ ಸಾಯುವುದಿಲ್ಲ. ಈಗ ದಿನಾ 3 ಮೈಲಿ ನಡೆಯುತ್ತೇನೆ. ಯಾರು ಏನೇ ಹೇಳಲಿ, ಮಧ್ಯದಲ್ಲಿ ನಿಲ್ಲಿಸಬೇಡಿ.

ರಾಗಿಮುದ್ದೆ (ಪೆನ್ಸಿಲ್ವೇನಿಯಾ):
ನನಗೆ ಲೈಮ್ ಬಂದಾಗ ಮುಖದ ಎಡಭಾಗ ಸೊಟ್ಟಗಾಗಿತ್ತು. ನೀರು ಕುಡಿದರೆ ಬಾಯಿ ಪಕ್ಕದಿಂದ ಸೋರುತ್ತಿತ್ತು. 21 ದಿನ ಡಾಕ್ಸಿ. ಬರೀ ಹೊಟ್ಟೆಗೆ ತಗೊಂಡರೆ ವಾಕರಿಕೆ ಅಂತ, ಮೊದಲ ದಿನದಿಂದಲೇ ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿ ಜತೆ ನುಂಗಿದೆ. ಹೊಟ್ಟೆ ತಣ್ಣಗಿತ್ತು. ನಾನೇ ಬುದ್ಧಿವಂತ ಅಂದುಕೊಂಡೆ. 9ನೇ ದಿನ ಫಾರ್ಮಸಿಯವರು ಕೇಳಿದರು, ಹಾಲು, ಕ್ಯಾಲ್ಸಿಯಂ ಮಾತ್ರೆ ಏನಾದರೂ ಜತೆಗೆ ತಗೊಳ್ಳುತ್ತೀರಾ ಅಂತ. ಇಲ್ಲ ಅಂದೆ. ರಾಗಿ ನೆನಪಾದದ್ದು ಕಾರು ಹತ್ತಿದ ಮೇಲೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ, ಕಬ್ಬಿಣ, ಹೊಟ್ಟೆ ಉರಿಗೆ ತಗೊಳ್ಳುವ ಆಂಟಾಸಿಡ್, ಇವು ಡಾಕ್ಸಿಯನ್ನು ಹಿಡಿದುಕೊಂಡು ರಕ್ತಕ್ಕೆ ಪೂರ್ತಿ ಸೇರಲು ಬಿಡುವುದಿಲ್ಲ. ವಾಪಸ್ ಒಳಗೆ ಹೋಗಿ ಕೇಳಿದೆ. ಎರಡು ಮೂರು ಗಂಟೆ ಅಂತರ ಇರಲಿ ಅಂದರು. 9 ದಿನದ ಔಷಧಿ ಎಷ್ಟು ಮೈಗೆ ಹತ್ತಿತೋ, ಎಷ್ಟು ಸುಮ್ನೆ ಹೋಯಿತೋ!

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ರಾತ್ರಿ 11ಕ್ಕೆ ನಿದ್ದೆಗಣ್ಣಲ್ಲಿ ಒಂದು ಗುಟುಕು ನೀರಲ್ಲಿ ಕ್ಯಾಪ್ಸೂಲ್ ನುಂಗಿ ಮಲಗಿಬಿಟ್ಟೆ. 3 ಗಂಟೆಗೆ ಎಚ್ಚರ. ಎಂಜಲು ನುಂಗಿದರೂ ಎದೆಮೂಳೆ ಹಿಂದೆ ಕೆಂಡ ಇಳಿದಂತೆ. ಹಾರ್ಟ್ ಅಟ್ಯಾಕ್ ಅಂತ ಹೆದರಿ ಎಮರ್ಜೆನ್ಸಿಗೆ ಓಡಿದೆವು. ಹೃದಯ ಸರಿ ಇತ್ತು. ಕ್ಯಾಪ್ಸೂಲ್ ಅನ್ನನಾಳದಲ್ಲೇ ಅಂಟಿ ಕರಗಿತ್ತು. ಎಂಡೋಸ್ಕೋಪಿ ಮಾಡಿದರೆ ಎರಡು ಹುಣ್ಣು. ನನ್ನ ಪಾಲಿಗೆ ಬಂದ ಬಿಲ್ಲು 3,180 ಡಾಲರ್. ಹತ್ತು ದಿನ ಉಗುರುಬೆಚ್ಚಗಿನ ಗಂಜಿ, ಅದೂ ಚಮಚದಲ್ಲಿ. ಆಮೇಲೆ ಇಡ್ಲಿ ತಿಂದು, ಚೊಂಬು ತುಂಬ ನೀರು ಕುಡಿದು, ಅರ್ಧ ಗಂಟೆ ಅಂಗಳದಲ್ಲಿ ಓಡಾಡುತ್ತಿದ್ದೆ. ಬಿಸಿಲಿಗೆ ಹೋದರೆ ಈ ಔಷಧಿಗೆ ಚರ್ಮ ಸುಡುತ್ತದೆ, ಅದಕ್ಕೆ ತುಂಬು ತೋಳಿನ ಅಂಗಿ.

ಹಾಸನದಮಗಳು (ಮ್ಯಾಸಚೂಸೆಟ್ಸ್):
ಕಾವೇರಿಮನೆ ಅವರೇ, ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ. ಗುರುವಾರದವರೆಗೆ ಕಾಯಲೂ ಬೇಡಿ. ಇವತ್ತೇ ಫೋನ್ ಮಾಡಿ ಸಿ ಡಿಫ್ (ಆಂಟಿಬಯಾಟಿಕ್ ತಗೊಂಡವರ ಕರುಳಲ್ಲಿ ಬೆಳೆದು ಭೇದಿ ತರುವ ಬ್ಯಾಕ್ಟೀರಿಯಾ) ಟೆಸ್ಟ್ ಬೇಕು ಅನ್ನಿ. ಜ್ವರ ಬಂದರೆ, ಹೊಟ್ಟೆ ಬಿಗಿದರೆ, ರಕ್ತ ಕಂಡರೆ ನೇರ ಎಮರ್ಜೆನ್ಸಿಗೆ ಹೋಗಿ. ನಾನು ನರ್ಸ್. ಆದರೆ ಇದನ್ನು ಹೇಳುತ್ತಿರುವುದು ಅಮ್ಮನ ಮಗಳಾಗಿ.

ಅಮ್ಮ ಹಾಸನದಿಂದ ಆರು ತಿಂಗಳಿಗೆ ಬಂದಿದ್ದರು. ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿ ಹಾಕಿಕೊಂಡು ಖುಷಿಯಾಗಿದ್ದರು. ಜೂನ್‌ನಲ್ಲಿ ಮಂಡಿ ಹಿಂದೆ ದೊಡ್ಡ ಕೆಂಪು ಉಂಗುರ. ಗಸಗಸೆ ಕಾಳಿನಷ್ಟು ಮರಿ ಟಿಕ್, ಕಚ್ಚಿದ್ದೇ ಗೊತ್ತಾಗಿರಲಿಲ್ಲ. ಡಾಕ್ಸಿ ಆಯಿತು. ಅದು ಮುಗಿಯುವಷ್ಟರಲ್ಲಿ ಹಲ್ಲು ಬಾತು, ಡೆಂಟಿಸ್ಟ್ ಕ್ಲಿಂಡಾಮೈಸಿನ್ ಅನ್ನುವ ಇನ್ನೊಂದು ಆಂಟಿಬಯಾಟಿಕ್ ಕೊಟ್ಟರು. ಭೇದಿ ಶುರುವಾಗಿ ಐದು ದಿನ ಅಮ್ಮ ನನಗೆ ಹೇಳಲೇ ಇಲ್ಲ. ಮಗಳ ಮನೆ ಬಾತ್‌ರೂಮ್ ಗಲೀಜಾಯಿತು ಅಂತ ನಾಚಿಕೆ. ರಾತ್ರಿ ಎರಡು ಗಂಟೆಗೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ನೆಲ ಒರೆಸುತ್ತಿದ್ದರು. ಆ ಬಟ್ಟೆ ಒಣಗಿಹಾಕಿದ್ದು ನೋಡಿ ನನಗೆ ಗೊತ್ತಾದದ್ದು. ನರ್ಸ್ ಆಗಿ, ಒಂದೇ ಮನೆಯಲ್ಲಿದ್ದು, ಐದು ದಿನ!

ಅಮ್ಮನಿಗೆ ಆಗಿದ್ದೂ ಸಿ ಡಿಫ್. ಅದಕ್ಕೆ 10 ದಿನ ವ್ಯಾಂಕೊಮೈಸಿನ್ ಕೊಟ್ಟರು. ಸರಿಹೋಯಿತು. ಮೂರು ವಾರಕ್ಕೆ ಮತ್ತೆ ಬಂತು. ಇದು ಹೀಗೆ ಮರುಕಳಿಸುವ ಕಾಯಿಲೆ. ಎರಡನೇ ಸಲ ಫಿಡಾಕ್ಸೊಮೈಸಿನ್ ಬರೆದರು. 20 ಮಾತ್ರೆಗೆ ಕೌಂಟರ್‌ನಲ್ಲಿ 4,600 ಡಾಲರ್ ಕೇಳಿದರು. ವಿಸಿಟರ್ ಇನ್ಶೂರೆನ್ಸ್‌ನವರು ಟಿಕ್ ಕಚ್ಚಿದ್ದಕ್ಕೆ ಕೊಟ್ಟಿದ್ದರು. ಇದು ಬೇರೆ ಕಾಯಿಲೆ ಅಂತ ಮತ್ತೊಮ್ಮೆ ಡಿಡಕ್ಟಬಲ್ (ಮೊದಲು ನಾವೇ ಕೈಯಿಂದ ಕೊಡಬೇಕಾದ ಹಣ) ಹಾಕಿದರು. ಔಷಧಿಯ ಹಣ ಕೊಡಲು ನಾಲ್ಕು ತಿಂಗಳು ಓಡಾಡಿಸಿದರು.

ಮನೆಯಲ್ಲಿ ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್‌ಗೆ ಸಿ ಡಿಫ್ ಬೀಜಾಣು ಸಾಯುವುದಿಲ್ಲ. ಟಾಯ್ಲೆಟ್ ಬ್ಲೀಚ್‌ನಲ್ಲಿ ಒರೆಸಿ. ನಿಮ್ಮ ಯಜಮಾನರಿಗೆ ಬೇರೆ ಬಾತ್‌ರೂಮ್ ಇದ್ದರೆ ಒಳ್ಳೆಯದು.

ಮತ್ತೆ, ಎಡಿಸನ್‌ವಾಸಿ ಮೇಡಂ, ಭೇದಿಯಲ್ಲಿ ಬಿದ್ದಿರುವವರಿಗೆ "ನಿಲ್ಲಿಸಬೇಡಿ" ಅಂತ ಬರೆಯುವುದು ತಪ್ಪು. 2016ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ನೋಡಿದ್ದಾರೆ. ಲೈಮ್ ಆದ ಮೇಲೆ ನೋವು, ಸುಸ್ತು ಉಳಿದವರಿಗೆ ಎರಡು ವಾರ ಇಂಜೆಕ್ಷನ್ ಆದ ಮೇಲೆ 12 ವಾರ ಮಾತ್ರೆ ಕೊಟ್ಟರು. ಔಷಧಿ ಇಲ್ಲದ ಮಾತ್ರೆ ನುಂಗಿದವರಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ.

ಎಡಿಸನ್‌ವಾಸಿ:
ನೀವು ನನ್ನ ಮೈಯಲ್ಲಿ ಹೊಕ್ಕು ನೋಡಿದ್ದೀರಾ ಮೇಡಂ? ಒಂದೂವರೆ ವರ್ಷ ಹಾಸಿಗೆ ಹಿಡಿದವಳು ನಾನು. "ಮಗು ದೊಡ್ಡದಾಗಿದೆ, ಮನೆಯಲ್ಲಿ ಒಬ್ಬರೇ ಇರುತ್ತೀರಿ, ಬೇಜಾರಿಗೆ ಹೀಗಾಗಿರಬಹುದು" ಅಂತ ಒಬ್ಬ ಡಾಕ್ಟರು ನನ್ನ ಮುಖಕ್ಕೇ ಹೇಳಿದರು. ಅವತ್ತು ಪಾರ್ಕಿಂಗ್‌ನಲ್ಲಿ ಕೂತು ಅತ್ತಿದ್ದೇನೆ. ಅಷ್ಟು ಕೆಟ್ಟದ್ದಾದರೆ ಕನೆಕ್ಟಿಕಟ್‌ನಲ್ಲಿ 2009ರಲ್ಲೇ ದೀರ್ಘಕಾಲ ಆಂಟಿಬಯಾಟಿಕ್ ಕೊಡುವ ಡಾಕ್ಟರಿಗೆ ರಕ್ಷಣೆ ಕೊಡುವ ಕಾನೂನು ಯಾಕೆ ಮಾಡಿದರು? ನಿಮ್ಮದೇ ಮ್ಯಾಸಚೂಸೆಟ್ಸ್‌ನಲ್ಲಿ 2016ರಲ್ಲಿ ಇನ್ಶೂರೆನ್ಸ್ ಕೊಡಲೇಬೇಕು ಅಂತ ಯಾಕೆ ಮಾಡಿದರು?

ಹಾಸನದಮಗಳು:
ಕಾನೂನು ಮಾಡುವವರು ಶಾಸಕರು. ಅದರಿಂದ ಔಷಧಿ ಕೆಲಸ ಮಾಡುತ್ತದೆ ಅಂತ ಆಗುವುದಿಲ್ಲ. ನಿಮ್ಮ ನೋವು ಸುಳ್ಳು ಅಂತ ನಾನು ಒಂದು ಕಡೆಯೂ ಹೇಳಿಲ್ಲ. ನಿಮಗೆ ಹಾಗೆ ಹೇಳಿದ ಡಾಕ್ಟರು ಮಾಡಿದ್ದು ಅನ್ಯಾಯ. ಆದರೆ ನೀವು ಹುಷಾರಾದದ್ದು ಮಾತ್ರೆಯಿಂದಲೋ, ದಿನ ಕಳೆದದ್ದರಿಂದಲೋ, ಹೇಗೆ ಹೇಳುತ್ತೀರಿ?

ಎಡಿಸನ್‌ವಾಸಿ:
ಹೇಗೆ ಹೇಳುತ್ತೇನೆ ಅಂದರೆ, ಮೈ ನನ್ನದು.

ಕೊಪ್ಪದಹುಡುಗ (ವಿಸ್ಕಾನ್ಸಿನ್):
ಕಾವೇರಿಮನೆ ಅವರೇ, ನಿಮ್ಮ ಯಜಮಾನರ ಹಾಗೆ ನನಗೂ ಮೊಣಕಾಲು. ಎರಡು ಸಲ ಸಿರಿಂಜ್ ಹಾಕಿ ನೀರು ತೆಗೆದರು, ಒಂದು ಸಲ 60 ಮಿಲಿ. ಡಾಕ್ಸಿಗೆ ಬಗ್ಗಲಿಲ್ಲ ಅಂತ ತೋಳಿಗೆ ಪಿಕ್ ಲೈನ್ (ರಕ್ತನಾಳಕ್ಕೆ ಔಷಧಿ ಬಿಡುವ ತೆಳು ನಳಿಕೆ) ಹಾಕಿ ದಿನಕ್ಕೆ 2 ಗ್ರಾಂ ಸೆಫ್ಟ್ರಿಯಾಕ್ಸೋನ್ ಆಂಟಿಬಯಾಟಿಕ್, 28 ದಿನ. ಹೊಟ್ಟೆಗೆ ಹೋಗುವ ಔಷಧಿ ಅಲ್ಲವಲ್ಲ, ಹೊಟ್ಟೆ ಉಳಿಯಿತು ಅಂದುಕೊಂಡೆ. ಮೂರನೇ ವಾರ ಹೋಳಿಗೆ ಊಟ ಮಾಡಿದ ರಾತ್ರಿ ಬಲ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡಿತು. ಸ್ಕ್ಯಾನ್‌ನಲ್ಲಿ ಪಿತ್ತಕೋಶದ ತುಂಬ ಕೆಸರಿನಂತೆ. ಆಪರೇಷನ್‌ಗೆ ದಿನ ಕೂಡ ಬರೆದುಬಿಟ್ಟರು. ಈ ಔಷಧಿ ಪಿತ್ತರಸದಲ್ಲಿ ಕ್ಯಾಲ್ಸಿಯಂ ಜತೆ ಸೇರಿ ಹೆಪ್ಪುಗಟ್ಟುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ತಾನಾಗೇ ಕರಗುತ್ತದೆ ಅಂತ ಇನ್ನೊಬ್ಬ ಡಾಕ್ಟರು ಹೇಳಿದರು. ನನಗೆ ಜ್ವರ, ಕಾಮಾಲೆ ಏನೂ ಇರಲಿಲ್ಲ, ಹಾಗಾಗಿ ಅವರೇ ಕಾಯೋಣ ಅಂದರು. ಏಳು ವಾರಕ್ಕೆ ಸ್ಕ್ಯಾನ್ ಶುದ್ಧ. ಪಿತ್ತಕೋಶ ಇನ್ನೂ ನನ್ನ ಹತ್ತಿರವೇ ಇದೆ.

ಮೊಣಕಾಲು ಕೊನೆಗೆ ಇಳಿದದ್ದು ಆಂಟಿಬಯಾಟಿಕ್‌ಗಲ್ಲ. ಬ್ಯಾಕ್ಟೀರಿಯಾ ಹೋದ ಮೇಲೂ ಕೀಲಿನ ಉರಿ ಉಳಿಯಬಹುದು ಅಂತ ರುಮಟಾಲಜಿಯವರು (ಕೀಲು ರೋಗದ ಡಾಕ್ಟರು) ಆ ಉರಿ ತಗ್ಗಿಸುವ ಮೆಥೊಟ್ರೆಕ್ಸೇಟ್ ಕೊಟ್ಟರು. ಅದನ್ನೂ ಕೇಳಿ ನೋಡಿ.

ನಮ್ಮ ಊರಲ್ಲಿ ಉಣುಗು ಕಚ್ಚಿದರೆ ಅಜ್ಜಿ ಉಗುರಲ್ಲಿ ಕಿತ್ತು ಒಲೆಗೆ ಹಾಕುತ್ತಿದ್ದರು. ಮಂಗನ ಕಾಯಿಲೆಯ ಊರಿನವರು ನಾವು, ಉಣುಗಿಗೆ ಹೆದರಿದವರಲ್ಲ. ಇಲ್ಲಿಗೆ ಬಂದು ಹೀಗಾಯಿತು.

ತುಂಗಾತೀರ (ಶಿವಮೊಗ್ಗ):
ಹೆದರಿದವರಲ್ಲ ಅಂತ ಹೇಳಬೇಡಿ. 1957ರಿಂದ ಇಲ್ಲಿ ಜನ ಸಾಯುತ್ತಿದ್ದಾರೆ. ನಮ್ಮ ಚಿಕ್ಕಪ್ಪ ಮಂಗನ ಕಾಯಿಲೆಯಲ್ಲಿ ಹೋದರು. ದರಗು (ಒಣ ಎಲೆ) ತರಲು ಕಾಡಿಗೆ ಹೋಗಿದ್ದರು, ಅಷ್ಟೇ. ಅದು ವೈರಸ್, ಅದಕ್ಕೆ ಆಂಟಿಬಯಾಟಿಕ್ಕೂ ಇಲ್ಲ. ಈಗಲೂ ಕಾಡಿಗೆ ಹೋಗುವವರು ಕೈಕಾಲಿಗೆ ಎಣ್ಣೆ ಹಚ್ಚಿಕೊಂಡೇ ಹೋಗುತ್ತಾರೆ. ಉಗುರಲ್ಲಿ ಹಿಸುಕಿ ಕೀಳುವುದನ್ನಂತೂ ಯಾರಿಗೂ ಹೇಳಿಕೊಡಬೇಡಿ. ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಬೇಕು.

ಕೊಪ್ಪದಹುಡುಗ:
ತಪ್ಪಾಯಿತು ಸರ್. ನಿಮ್ಮ ಚಿಕ್ಕಪ್ಪನ ವಿಷಯ ಗೊತ್ತಿರಲಿಲ್ಲ.

ಉಡುಪಿಯವರು (ನ್ಯೂಜೆರ್ಸಿ):
ಎಲ್ಲರೂ ಕ್ಯಾಪ್ಸೂಲ್ ಕ್ಯಾಪ್ಸೂಲ್ ಅನ್ನುತ್ತಿದ್ದೀರಿ. ಅದರ ಹೊದಿಕೆ ಜೆಲಟಿನ್, ದನದ್ದೋ ಹಂದಿಯದ್ದೋ ಅಂತ ಎಷ್ಟು ಜನಕ್ಕೆ ಗೊತ್ತು? ನನ್ನ ತಂದೆ ಎರಡು ವಾರ ತಿಂದ ಮೇಲೆ ತಿಳಿದು, ಊಟವನ್ನೇ ಬಿಟ್ಟು ಕೂತರು. ನಾನು ಕ್ಯಾಪ್ಸೂಲ್ ಬಿಡಿಸಿ, ಪುಡಿಯನ್ನು ಮೊಸರಿಗೆ ಕಲಸಿ ಕೊಟ್ಟೆ. ಡಾಕ್ಸಿಯೂ ಹಾಗೆ, ಬೌಲಾರ್ಡಿಯೂ ಹಾಗೆ.

ಹಾಸನದಮಗಳು:
ಅಯ್ಯೋ, ಎರಡೂ ಮಾಡಬೇಡಿ! ಡಾಕ್ಸಿ ಪುಡಿ ಗಂಟಲಿಗೆ ತಗುಲಿದರೆ ಸುಡುತ್ತದೆ. ಮೊಸರಲ್ಲಿ ಕಲಸಿದರೆ ರಾಗಿಮುದ್ದೆ ಸರ್ ಹೇಳಿದ ಕ್ಯಾಲ್ಸಿಯಂ ಕಥೆಯೇ. ಬೌಲಾರ್ಡಿ ಪುಡಿ ಅದಕ್ಕಿಂತ ಅಪಾಯ. ಪಿಕ್ ಲೈನ್ ಇರುವವರ ಹತ್ತಿರ ಅದನ್ನು ಬಿಡಿಸಲೇಬಾರದು. ಗಾಳಿಯಲ್ಲಿ, ಕೈಯಲ್ಲಿ ಉಳಿದು ಲೈನ್ ಮೂಲಕ ರಕ್ತಕ್ಕೆ ಹೋದ ಕೇಸುಗಳಿವೆ. ಡಾಕ್ಸಿ ಬೇಕಾದರೆ ಮಾತ್ರೆ ರೂಪದಲ್ಲೂ ಸಿಗುತ್ತದೆ, ಕೇಳಿದರೆ ಕೊಡುತ್ತಾರೆ.

ಉಡುಪಿಯವರು:
ನಮಗೆ ಯಾರೂ ಹೇಳಲಿಲ್ಲ. ಒಬ್ಬರೂ ಹೇಳಲಿಲ್ಲ. ಈಗ ಬೈದು ಏನು ಪ್ರಯೋಜನ? ಮೊಸರೂ ತಪ್ಪು ಅನ್ನುತ್ತೀರಲ್ಲ, ಮತ್ತೆ ಎಡಿಸನ್ ಅಕ್ಕ ಹೇಗೆ ಹುಷಾರಾದರು?

ಎಡಿಸನ್‌ವಾಸಿ:
ನಾನು ಮೊಸರು ತಿನ್ನುತ್ತಿದ್ದದ್ದು ಮಾತ್ರೆಯಾಗಿ ಮೂರು ಗಂಟೆ ಬಿಟ್ಟು. ಅದನ್ನು ಬರೆಯಲಿಲ್ಲ, ನನ್ನ ತಪ್ಪು. ಹೆಪ್ಪಿಗೆ ಅಂಗಡಿ ಮೊಸರು ಹಾಕಿದರೆ ಲೋಳೆ ಲೋಳೆ ಬರುತ್ತದೆ. ನಾನು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಹೆಪ್ಪು ಮಾಡಿಕೊಂಡದ್ದು, ಆರು ವರ್ಷದಿಂದ ಅದೇ.

ರಾಗಿಮುದ್ದೆ:
ತೊಟ್ಟಿನ ಹೆಪ್ಪಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆದಿದೆ ಅಂತ ಯಾರಿಗೆ ಗೊತ್ತಕ್ಕ? ಹೊಟ್ಟೆ ಹುಣ್ಣಾಗಿರುವವರಿಗೆ ಅದನ್ನು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಎಡಿಸನ್‌ವಾಸಿ:
ನಿಮ್ಮ ಅಜ್ಜಿ ಯಾವುದರಲ್ಲಿ ಹೆಪ್ಪು ಹಾಕುತ್ತಿದ್ದರು ಹಾಗಾದರೆ?

ಕಾವೇರಿಮನೆ:
ಎಲ್ಲರಿಗೂ ಧನ್ಯವಾದ. ಹಾಸನದಮಗಳು ಅವರ ಮಾತು ಓದಿದ ತಕ್ಷಣ ನರ್ಸ್ ಲೈನ್‌ಗೆ ಫೋನ್ ಮಾಡಿದೆ. ನಿನ್ನೆ ಮಧ್ಯಾಹ್ನ ಸ್ಯಾಂಪಲ್ ಕೊಟ್ಟು ಬಂದೆವು. ಇವತ್ತು ಸಂಜೆ ಫೋನ್ ಬಂತು, ಸಿ ಡಿಫ್ ಪಾಸಿಟಿವ್. ಡಾಕ್ಸಿ ಸದ್ಯಕ್ಕೆ ನಿಲ್ಲಿಸಿ ಅಂದಿದ್ದಾರೆ. ವ್ಯಾಂಕೊಮೈಸಿನ್ 125 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ, 10 ದಿನ. ಇವರು ಶುದ್ಧ ಸಸ್ಯಾಹಾರಿ. ಕ್ಯಾಪ್ಸೂಲ್ ವಿಷಯ ಓದಿದಾಗಿನಿಂದ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಾರೆ.

ಹಾಸನದಮಗಳು:
ವ್ಯಾಂಕೊಮೈಸಿನ್ ನೀರಿನ ರೂಪದಲ್ಲೂ ಬರುತ್ತದೆ. ಅಮ್ಮನಿಗೂ ಅದನ್ನೇ ತಂದಿದ್ದೆ. ಈಗಲೇ ಫಾರ್ಮಸಿಗೆ ಫೋನ್ ಮಾಡಿ, ಮುಚ್ಚುವ ಮುಂಚೆ. ಉಪ್ಪು ಹಾಕಿದ ತೆಳು ಗಂಜಿ ಕುಡಿಸುತ್ತಿರಿ, ನೀರು ಕಮ್ಮಿಯಾಗಬಾರದು.

ಉಡುಪಿಯವರು:
ನೀರಿನ ರೂಪದಲ್ಲಿ ಇದೆ ಅಂತ ಮೊದಲೇ ಗೊತ್ತಿದ್ದರೆ ಅಪ್ಪ ಎರಡು ದಿನ ಉಪವಾಸ ಕೂರುತ್ತಿರಲಿಲ್ಲ. ಅವರಿಗೂ ಆಮೇಲೆ ಇದೇ ಔಷಧಿ ಬರೆದಿದ್ದರು.

ಎಡಿಸನ್‌ವಾಸಿ:
ತಂಗೀ, ನಾನು ಅಲ್ಲಿಂದ ಎರಡು ಗಂಟೆ ದೂರದಲ್ಲಿದ್ದೇನೆ. ಶನಿವಾರ ಬೇಕಾದರೆ ಅಡುಗೆ ಮಾಡಿಕೊಂಡು ಬರುತ್ತೇನೆ. ಮೊಸರು ತರುವುದಿಲ್ಲ.

ಕಾವೇರಿಮನೆ:
ಬನ್ನಿ ಅಕ್ಕ. ನೀರಿನ ಔಷಧಿ ಸಿಕ್ಕಿತು. ತುಂಬ ಕಹಿಯಂತೆ, ಆದರೆ ಕುಡಿದರು. ಬಾಟಲಿ ಫ್ರಿಜ್‌ನಲ್ಲಿಟ್ಟಿದ್ದೇನೆ. ರಾತ್ರಿ 12ರ ಡೋಸ್‌ಗೆ ಅಲಾರಾಂ ಇಟ್ಟು ಮಲಗುತ್ತಿದ್ದೇನೆ.