ದೊಡ್ಡಮ್ಮನ ವಿಟಮಿನ್ ಬಾಟಲಿ: ಸೀಲ್ ಒಡೆಯುವ ಮೊದಲು

ತಮ್ಮಾ, ನಿನ್ನೆ ರಾತ್ರಿ ನೀನು ಗ್ರೂಪಲ್ಲಿ ಕೇಳಿದ್ದನ್ನು ಈಗ ನೋಡಿದೆ. ಮೆಡಿಕಲ್ ಶಾಪಲ್ಲಿ ಸಂಜೆವರೆಗೂ ಬಿಡುವೇ ಇರಲಿಲ್ಲ. ಅಕ್ಕ ಅಮೆರಿಕದಿಂದ ದೊಡ್ಡಮ್ಮನಿಗೆ ಮಲ್ಟಿವಿಟಮಿನ್ ಬಾಟಲಿ ಕಳಿಸಿದ್ದಾಳೆ. ದಿನಕ್ಕೊಂದು ನುಂಗಿದರೆ ಮೆದುಳಿನ ಪ್ರಾಯ ಮೂರು ವರ್ಷ ಕಡಿಮೆ ಆಗುತ್ತದೆ ಅಂತ ಒಂದು ಫಾರ್ವರ್ಡೂ ಬಂದಿದೆ. ನಾಳೆಯಿಂದಲೇ ಶುರು ಮಾಡಲಾ ಅಂತ ಕೇಳಿದ್ದೀಯ. ಕೊಡಬಹುದು, ಆದರೆ ನಾಳೆ ಬೇಡ. ಮೊದಲು ದೊಡ್ಡಮ್ಮನ ರಕ್ತದಲ್ಲಿ ಬಿ12 ಅನ್ನುವ ವಿಟಮಿನ್ ಎಷ್ಟಿದೆ ಅಂತ ನೋಡೋಣ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಎಲ್ಲರೂ ಪೂರ್ತಿ ಓದಿ.

ಆ ಫಾರ್ವರ್ಡ್ ಸುಳ್ಳಲ್ಲ. ಅಮೆರಿಕದಲ್ಲಿ ಕಾಸ್ಮಾಸ್ ಅಂತ ಒಂದು ದೊಡ್ಡ ಅಧ್ಯಯನ ನಡೆದಿದೆ. 60 ದಾಟಿದ ಗಂಡಸರು, 65 ದಾಟಿದ ಹೆಂಗಸರು, ಒಟ್ಟು 21,000ಕ್ಕಿಂತ ಜಾಸ್ತಿ ಜನ. ಅರ್ಧ ಜನಕ್ಕೆ ನಿಜವಾದ ಮಲ್ಟಿವಿಟಮಿನ್, ಉಳಿದವರಿಗೆ ನೋಡಲು ಅದೇ ಥರದ, ಒಳಗೆ ಔಷಧಿ ಇಲ್ಲದ ಮಾತ್ರೆ. ಅವರಲ್ಲೇ ಮೂರು ಸಣ್ಣ ಗುಂಪುಗಳ ನೆನಪಿನ ಶಕ್ತಿಯನ್ನು ಪರೀಕ್ಷೆ ಮಾಡಿ 2022, 2023, 2024ರಲ್ಲಿ ಒಂದೊಂದಾಗಿ ಪ್ರಕಟಿಸಿದರು. ಮೂರನ್ನೂ ಸೇರಿಸಿ ನೋಡಿದಾಗ, ಮಾತ್ರೆ ತೆಗೆದುಕೊಂಡವರ ಮೆದುಳು ಸುಮಾರು ಎರಡು ವರ್ಷ ಚಿಕ್ಕ ಪ್ರಾಯದವರ ಹಾಗೆ ಕೆಲಸ ಮಾಡಿತು ಅಂತ ಲೆಕ್ಕ ಸಿಕ್ಕಿತು.

ನಿನಗೆ ಬಂದ 'ಮೂರು ವರ್ಷ' 2023ರದ್ದು. 3,562 ಜನರಿಗೆ ಕಂಪ್ಯೂಟರಿನಲ್ಲಿ ಒಂದೊಂದಾಗಿ 20 ಪದ ತೋರಿಸಿ, ನೆನಪಿದ್ದಷ್ಟನ್ನು ಬರೆಯಲು ಹೇಳಿದ್ದರು. ಶುರುವಿನಲ್ಲಿ ಎರಡೂ ಕಡೆಯವರಿಗೆ ಸರಾಸರಿ ಏಳು ಪದ ನೆನಪಿತ್ತು. ಒಂದು ವರ್ಷದ ನಂತರ ವಿಟಮಿನ್ ತೆಗೆದುಕೊಂಡವರದ್ದು 7.10ರಿಂದ 7.81ಕ್ಕೆ ಏರಿತು. ಉಳಿದವರದ್ದೂ 7.21ರಿಂದ 7.65ಕ್ಕೆ ಏರಿತು. ನಡುವಿನ ವ್ಯತ್ಯಾಸ ಒಂದು ಪದದ ಕಾಲು ಭಾಗದಷ್ಟು. ಪ್ರಾಯ ಆದ ಹಾಗೆ ನೆನಪು ಇಳಿಯುವ ಲೆಕ್ಕಕ್ಕೆ ಆ ಕಾಲು ಪದವನ್ನು ಹೋಲಿಸಿದರೆ ಮೂರು ವರ್ಷ ಆಗುತ್ತದೆ. ಲಾಭ ಇದೆ, ಆದರೆ ಇಷ್ಟೇ ಇದೆ. ಮರೆವಿನ ಕಾಯಿಲೆ ಬರುವುದೇ ಇಲ್ಲ ಅಂತ ಆ ಅಧ್ಯಯನ ಮಾಡಿದವರು ಎಲ್ಲೂ ಹೇಳಿಲ್ಲ. ಇದಕ್ಕಿಂತ ಮೊದಲು, 2013ರಲ್ಲಿ, 65 ದಾಟಿದ ಸುಮಾರು 6,000 ಗಂಡಸು ಡಾಕ್ಟರುಗಳ ಮೇಲೆ ವರ್ಷಗಟ್ಟಲೆ ನಡೆದ ಇನ್ನೊಂದು ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿ ಮಲ್ಟಿವಿಟಮಿನ್‌ನಿಂದ ನೆನಪಿಗೆ ಏನೂ ಪ್ರಯೋಜನ ಕಾಣಲಿಲ್ಲ.

ಇನ್ನು ದೊಡ್ಡಮ್ಮನ ವಿಷಯ. ಬಿ12 ಇರುವುದು ಮೀನು, ಮೊಟ್ಟೆ, ಮಾಂಸ, ಹಾಲು, ಮೊಸರಿನಲ್ಲಿ. ಸೊಪ್ಪು, ಕಾಯಿ, ಬೇಳೆಯಲ್ಲಿ ಇಲ್ಲ. ಬೂತಾಯಿ ಮೀನು ತಿನ್ನುವ ಮನೆಯವರಿಗೆ ಈ ಚಿಂತೆ ಅಷ್ಟಿಲ್ಲ. ದೊಡ್ಡಮ್ಮ ಮೀನು ಮುಟ್ಟಿದವರಲ್ಲ. ಹಾಲು ಕುಡಿದರೆ ಕಫ ಅಂತ ಅದನ್ನೂ ಬಿಟ್ಟಿದ್ದಾರೆ. ರಾತ್ರಿ ಗಂಜಿ, ಉಪ್ಪಿನಕಾಯಿ, ಅಷ್ಟೇ. ತಿಮರೆ, ಅಂದರೆ ಒಂದೆಲಗದ ತಂಬುಳಿ ಮೆದುಳಿಗೆ ಒಳ್ಳೆಯದಲ್ವಾ ಅಂತ ಚಿಕ್ಕಮ್ಮ ಬರೆದಿದ್ದೀರಿ. ಖಂಡಿತ ಮಾಡಿ ಕೊಡಿ ಚಿಕ್ಕಮ್ಮಾ, ಆದರೆ ಅದರಲ್ಲಿ ಬಿ12 ಇದ್ದರೆ ಅದು ಮಜ್ಜಿಗೆಯಿಂದ ಬಂದದ್ದು, ತಿಮರೆಯಿಂದ ಅಲ್ಲ.

ಇದರ ಮೇಲೆ ಮಾತ್ರೆಗಳು. ಕಳೆದ ಸಲ ಬಂದಾಗ ನಾನು ಅವರ ಬಿಸ್ಕತ್ತು ಡಬ್ಬಿ ಬಿಚ್ಚಿ ನೋಡಿದ್ದೇನೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಅದು ಇಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರದ್ದು. ಗ್ಯಾಸಿಗೆ ಪ್ಯಾಂಟೊಪ್ರಜೋಲ್, ಅದು ಮಂಗಳೂರಿನ ಡಾಕ್ಟರು ಬರೆದದ್ದು. ಥೈರಾಯ್ಡ್ ಮಾತ್ರೆ ಇನ್ನೊಂದು ಕಡೆಯದ್ದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ. ಒಂದು ಚೀಟಿ ತಲಪಾಡಿ ಗಡಿಯ ಆಚೆಯದ್ದು, ಒಂದು ಈಚೆಯದ್ದು. ಎಲ್ಲವನ್ನೂ ಒಟ್ಟಿಗೆ ಮೇಜಿನ ಮೇಲೆ ಇಟ್ಟು ನೋಡಿದ ಡಾಕ್ಟರು ಯಾರೂ ಇರುವುದಿಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ದೇಹಕ್ಕೆ ಸೇರುವುದು ಕಡಿಮೆ ಆಗುತ್ತದೆ. ಬ್ರಿಟನ್ನಿನಲ್ಲಿ 2022ರಿಂದ ಇದನ್ನು ಸಾಮಾನ್ಯವಾಗಿ ಕಾಣುವ ಅಡ್ಡ ಪರಿಣಾಮ ಅಂತಲೇ ಎಚ್ಚರಿಸುತ್ತಿದ್ದಾರೆ. ಗ್ಯಾಸಿನ ಮಾತ್ರೆ ಹೊಟ್ಟೆಯ ಆಮ್ಲ ಕಡಿಮೆ ಮಾಡುತ್ತದೆ. ಊಟದಲ್ಲಿರುವ ಬಿ12 ಬಿಡಿಸಿಕೊಳ್ಳಲು ಆ ಆಮ್ಲವೇ ಬೇಕು. ಪ್ರಾಯ ಆದ ಹಾಗೆ ಅದು ತಾನಾಗಿಯೂ ಕಡಿಮೆ ಆಗುತ್ತದೆ. ದೊಡ್ಡಮ್ಮನಿಗೆ ಇವೆಲ್ಲ ಒಟ್ಟಿಗೇ ಇವೆ.

ನನಗೆ ನಿಜವಾಗಿ ಹೆದರಿಕೆ ಆದದ್ದು ಬೇರೆ ವಿಷಯಕ್ಕೆ. ಆವತ್ತು ಜಗಲಿಯಿಂದ ಅಂಗಳಕ್ಕೆ ಇಳಿದು ಬಚ್ಚಲಿನ ತನಕ ಹೋದರು. ಎಡಗಾಲಿನ ಚಪ್ಪಲಿ ಮೆಟ್ಟಿಲ ಹತ್ತಿರವೇ ಉಳಿದಿತ್ತು. ಚಪ್ಪಲಿ ಎಲ್ಲಿ ದೊಡ್ಡಮ್ಮಾ ಅಂತ ಕೇಳಿದರೆ, ಕಾಲು ನೋಡಿಕೊಂಡು, ಹಾಕಿದ್ದೇನೆ ಅಂದುಕೊಂಡಿದ್ದೆ ಅಂದರು. ಜಾರಿ ಹೋದದ್ದೇ ಗೊತ್ತಾಗಿಲ್ಲ. ನಾವೆಲ್ಲ ಅವರ ಮರೆವಿನ ಬಗ್ಗೆಯೇ ಮಾತಾಡುತ್ತಿದ್ದೇವೆ, ಪಾದದ ಸ್ಪರ್ಶ ಹೋಗುತ್ತಿರುವುದನ್ನು ಯಾರೂ ಹೇಳುತ್ತಿಲ್ಲ. ಬಿ12 ಕಡಿಮೆಯಾದರೆ ಕಾಲು ಜೋಮು ಹಿಡಿಯುತ್ತದೆ, ನಡೆಯುವಾಗ ಹಿಡಿತ ತಪ್ಪುತ್ತದೆ, ನಾಲಿಗೆ ಉರಿಯುತ್ತದೆ, ಮರೆವು ಬರುತ್ತದೆ, ಸುಸ್ತಾಗುತ್ತದೆ. ಸಕ್ಕರೆ ಕಾಯಿಲೆಯಿಂದಲೂ ಪಾದ ಹೀಗಾಗಬಹುದು. ಯಾವುದರಿಂದ ಅಂತ ಡಾಕ್ಟರೇ ಹೇಳಬೇಕು. ಆದರೆ ಬಿ12 ಕೊರತೆಯಿಂದ ಆದದ್ದಾದರೆ, ಬೇಗ ಕಂಡುಹಿಡಿದಷ್ಟೂ ಸರಿ ಹೋಗುವ ಸಾಧ್ಯತೆ ಜಾಸ್ತಿ. ತಡವಾದರೆ ನರಕ್ಕೆ ಆದ ಪೆಟ್ಟು ಹಾಗೇ ಉಳಿಯಬಹುದು.

ಆ ಬಾಟಲಿಯ ಮಾತ್ರೆಯಲ್ಲೂ ಬಿ12 ಇದೆಯಲ್ಲ ಅಂತ ನೀನು ಕೇಳಬಹುದು. ಇರುತ್ತದೆ, ಸಾಮಾನ್ಯವಾಗಿ ಕೆಲವು ಮೈಕ್ರೋಗ್ರಾಂ, ಹೆಚ್ಚೆಂದರೆ ಕೆಲವು ಹತ್ತು. ಕೊರತೆ ಇದ್ದವರಿಗೆ ಡಾಕ್ಟರು ಬರೆಯುವುದು 1,000 ಮೈಕ್ರೋಗ್ರಾಂ ಅಥವಾ ಅದಕ್ಕೂ ಜಾಸ್ತಿ, ಇಲ್ಲವೇ ಇಂಜೆಕ್ಷನ್. ಬಾಟಲಿ ಈಗಲೇ ಶುರು ಮಾಡಿದರೆ ರಕ್ತದ ರಿಪೋರ್ಟಿನಲ್ಲಿ ನಂಬರು ಸ್ವಲ್ಪ ಮೇಲೆ ಬಂದು ನಮ್ಮನ್ನು ದಾರಿ ತಪ್ಪಿಸಬಹುದು. ಅದರಲ್ಲಿರುವ ಫೋಲಿಕ್ ಆಸಿಡ್ ಅನ್ನುವ ಇನ್ನೊಂದು ವಿಟಮಿನ್, ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಸರಿ ಮಾಡಿ, ಕೊರತೆಯೇ ಇಲ್ಲ ಅನ್ನುವ ಹಾಗೆ ತೋರಿಸಬಹುದು. ಒಳಗೆ ನರದ ತೊಂದರೆ ಮುಂದುವರಿಯುತ್ತಲೇ ಇರುತ್ತದೆ. ಅದಕ್ಕೇ ಸೀಲ್ ಒಡೆಯಬೇಡ ಅಂತ ಹೇಳಿದ್ದು.

ಪರೀಕ್ಷೆ ಆದ ಮೇಲೆ ಡಾಕ್ಟರು ಸರಿ ಅಂದರೆ ಅಕ್ಕನ ಮಾತ್ರೆ ಖಂಡಿತ ಕೊಡೋಣ. ಅಕ್ಕಾ, ನೀನು ಬೇಸರ ಮಾಡಬೇಡ. ನೀನು ಕಳಿಸಿದ್ದು ಹಾಳಾಗುವುದಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಕೊಡಬೇಕು, ಬೆಳಗ್ಗಿನ ಥೈರಾಯ್ಡ್ ಮಾತ್ರೆಯ ಜೊತೆ ಮಾತ್ರ ಬೇಡ. ಇದರಲ್ಲಿರುವ ಕಬ್ಬಿಣ, ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಹೀರಲು ಬಿಡುವುದಿಲ್ಲ, ನಾಲ್ಕು ಗಂಟೆ ಅಂತರ ಇರಲಿ. ಮಾವ, ನನಗೂ ಒಂದು ಬಾಟಲಿ ಅಂತ ಕೇಳಿದ್ದೀರಿ. ನೀವು ಹೃದಯದ ವಾಲ್ವಿಗೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು. ಇಂಥ ಬಾಟಲಿಗಳಲ್ಲಿ ವಿಟಮಿನ್ ಕೆ ಇರುತ್ತದೆ, ಅದು ಆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ನಿಮ್ಮ ಡಾಕ್ಟರನ್ನು ಕೇಳದೆ ದಯವಿಟ್ಟು ಒಂದನ್ನೂ ನುಂಗಬೇಡಿ.

ಇನ್ನೊಂದು ವಿಷಯ, ಕಿವಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ ಮರೆವಿನ ಕಾಯಿಲೆಗೆ ದಾರಿ ಮಾಡುವ, ನಾವು ಬದಲಿಸಬಹುದಾದ 14 ಕಾರಣ ಹೇಳಿತು. ಕಿವಿ ಕೇಳದಿರುವುದು, ಬಿಪಿ, ಸಕ್ಕರೆ, ಕಣ್ಣು ಮಂದವಾಗುವುದು, ಒಂಟಿತನ ಎಲ್ಲ ಅದರಲ್ಲಿವೆ. ದೊಡ್ಡಮ್ಮ ಈಗ ಫೋನಿನಲ್ಲಿ 'ಹಾಂ ಹಾಂ' ಅಂತ ಮಾತ್ರ ಹೇಳುವುದು ಮರೆವಿನಿಂದ ಅಲ್ಲ, ಕೇಳದೆ ಇರುವುದರಿಂದ ಅಂತ ನನಗೆ ಅನಿಸುತ್ತದೆ. ಕಿವಿ ಡಾಕ್ಟರಿಗೂ ತೋರಿಸಲೇಬೇಕು.

ಶನಿವಾರ ಬೆಳಗ್ಗೆ ನನಗೆ ಅಂಗಡಿ ರಜೆ. ಬಿ12, ಸಕ್ಕರೆ, ಥೈರಾಯ್ಡ್ ಮೂರಕ್ಕೂ ಒಂದೇ ಸಲ ರಕ್ತ ಕೊಟ್ಟು ಬರಬಹುದು. ತಿಂಡಿ ತಿನ್ನಿಸಬೇಡ ತಮ್ಮಾ, ಫ್ಲಾಸ್ಕಿನಲ್ಲಿ ಕಾಫಿ ತಾ, ರಕ್ತ ಕೊಟ್ಟ ಮೇಲೆ ಕುಡಿಯಲಿ. ಬಿಸ್ಕತ್ತು ಡಬ್ಬಿಯನ್ನೂ, ಇರುವ ಚೀಟಿಗಳನ್ನೂ ಹಾಗೇ ಎತ್ತಿಕೊಂಡು ಬಾ. ಚಿಕ್ಕಪ್ಪಾ, ಏಳು ಗಂಟೆಗೆ ನಿಮ್ಮ ಕಾರು ಸಿಗಬಹುದಾ? ಇಲ್ಲೇ ಒಂದು ಮಾತು ಬರೆಯಿರಿ.