ಆರಡಿಯ ಹವಳದ ತೊಟ್ಟಿಯಲ್ಲಿ ಕ್ಲೌನ್ ಮೀನುಗಳು ಮೊಟ್ಟೆಯಿಡುತ್ತಿವೆ: ಮರಿಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಉಪ್ಪುನೀರು_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ನೆಲಮಹಡಿಯಲ್ಲಿ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಉಪ್ಪುನೀರಿನ ತೊಟ್ಟಿಯಿದ್ದು, ಕೆಳಗಿನ ಸಂಪ್ (ನೀರು ಸೋಸುವ ತೊಟ್ಟಿ) ಸೇರಿಸಿದರೆ ಸುಮಾರು 800 ಲೀಟರ್ ನೀರು ಹಿಡಿಯುತ್ತದೆ. ಮೆದು ಹವಳಗಳು, ಒಂದು ಅನೆಮೋನೆ (ಹೂವಿನಂತೆ ಕಾಣುವ ಕಡಲ ಪ್ರಾಣಿ), ಒಂದು ಜೋಡಿ ಆಸೆಲಾರಿಸ್ ಕ್ಲೌನ್, ನಾಲ್ಕು ಬಂಗ್ಗಾಯ್ ಕಾರ್ಡಿನಲ್, ಒಂದು ಹಳದಿ ಟ್ಯಾಂಗ್ ಮತ್ತು ಎರಡು ಫ್ಲೇಮ್ ಏಂಜೆಲ್ ಇವೆ. ನೀರಿನ ಸಾಪೇಕ್ಷ ಸಾಂದ್ರತೆ 1.025, ಉಷ್ಣಾಂಶ 26 ಡಿಗ್ರಿ. ನೀರಿನ ಗುಣದಲ್ಲಿ ತೊಂದರೆಯಿಲ್ಲ.

ಕ್ಲೌನ್ ಜೋಡಿ ಕೆಲವು ತಿಂಗಳಿಂದ ಅನೆಮೋನೆಯ ಪಕ್ಕದ ಬಂಡೆಯ ಮೇಲೆ ನಿಯಮಿತವಾಗಿ ಮೊಟ್ಟೆಯಿಡುತ್ತಿದೆ. ಗಂಡು ಅವುಗಳಿಗೆ ರೆಕ್ಕೆಯಿಂದ ಗಾಳಿ ಹಾಕುತ್ತಾ ಕಾಯುತ್ತದೆ, ಒಂದು ರಾತ್ರಿ ಮೊಟ್ಟೆಗಳೆಲ್ಲ ಒಡೆಯುತ್ತವೆ, ಬೆಳಿಗ್ಗೆ ನೋಡಿದರೆ ಒಂದೇ ಒಂದು ಮರಿಯೂ ಇರುವುದಿಲ್ಲ. ಆ ರಾತ್ರಿ ಪಂಪು ಮತ್ತು ಸ್ಕಿಮ್ಮರ್ (ನೊರೆಯೊಂದಿಗೆ ಕೊಳೆ ತೆಗೆಯುವ ಯಂತ್ರ) ನಿಲ್ಲಿಸಿದರೆ ಇಷ್ಟು ದೊಡ್ಡ ತೊಟ್ಟಿಯಲ್ಲಿ ನಾಲ್ಕಾರು ಮರಿಗಳಾದರೂ ಉಳಿಯಬಹುದೇ? ಬೇರೆ ತೊಟ್ಟಿ ಬೇಕೇಬೇಕೆಂದಾದರೆ ಅದು ಎಷ್ಟು ದೊಡ್ಡದಿರಬೇಕು? ಇರುವ ಇತರ ಮೀನುಗಳಲ್ಲಿ ಯಾವುದನ್ನಾದರೂ ಮನೆಯಲ್ಲಿ ಮರಿ ಮಾಡಿಸಲು ಸಾಧ್ಯವೇ?

ಉತ್ತರ: ಹಸಿರುನೀರು

ಮುಖ್ಯ ತೊಟ್ಟಿಯಲ್ಲಿ ಮರಿಗಳು ಉಳಿಯುತ್ತವೆಂದು ನಿರೀಕ್ಷಿಸಬೇಡಿ. ಬೇರೆ ಮೀನುಗಳು ತಿನ್ನುತ್ತವೆ, ಅನೆಮೋನೆ ಹಿಡಿಯುತ್ತದೆ, ಪಂಪು ಎಳೆದುಕೊಳ್ಳುತ್ತದೆ ಎಂಬುದೆಲ್ಲ ನಿಜವೇ; ಆದರೆ ಇವೆಲ್ಲವನ್ನೂ ತೆಗೆದುಹಾಕಿದರೂ ಅವು ಹಸಿವಿನಿಂದ ಸಾಯುತ್ತವೆ. ಮೂರರಿಂದ ನಾಲ್ಕು ಮಿಲಿಮೀಟರ್ ಉದ್ದದ ಆ ಲಾರ್ವಾ (ಆಗತಾನೇ ಒಡೆದ ಮರಿ) ಆಹಾರವನ್ನು ಅರಸಿಕೊಂಡು ದೂರ ಹೋಗಲಾರದು, ಕಣ್ಣೆದುರಿಗೆ ಸುಳಿದದ್ದನ್ನಷ್ಟೇ ಹಿಡಿಯಬಲ್ಲದು. ಹಾಗಾಗಿ ಪ್ರತಿ ಮಿಲಿಲೀಟರ್ ನೀರಿನಲ್ಲಿ ಐದರಿಂದ ಹತ್ತು ರೋಟಿಫರ್‌ಗಳಾದರೂ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಇರಬೇಕು. ಈ ಲೆಕ್ಕವನ್ನು ನಿಮ್ಮ 800 ಲೀಟರಿಗೆ ಹಾಕಿ ನೋಡಿ: ನಲವತ್ತರಿಂದ ಎಂಬತ್ತು ಲಕ್ಷ ರೋಟಿಫರ್ ಬೇಕು, ಅದೂ ಪ್ರತಿದಿನ ಮತ್ತೆ ತುಂಬಿಸುತ್ತಾ. ಅದೇ 30 ಲೀಟರಿನ ಟಬ್ಬಿಗಾದರೆ ಒಂದೂವರೆಯಿಂದ ಮೂರು ಲಕ್ಷ ಸಾಕು, ಇದನ್ನು ಒಂದೆರಡು ಬಕೆಟ್ಟುಗಳಿಂದ ಸಲೀಸಾಗಿ ಪೂರೈಸಬಹುದು. ತಾಯಿತಂದೆಗಳಿಗೆ ದೊಡ್ಡ ತೊಟ್ಟಿ ಎಷ್ಟು ಒಳ್ಳೆಯದೋ ಮರಿಗಳಿಗೆ ಅಷ್ಟೇ ಕೆಟ್ಟದ್ದು.

ಆದ್ದರಿಂದ ಮೀನಿನ ಮರಿ ಮಾಡಿಸುವ ಮೊದಲು ರೋಟಿಫರ್ ಬೆಳೆಸುವುದನ್ನು ಕಲಿಯಿರಿ. ಮುಖ್ಯ ತೊಟ್ಟಿಗಿಂತ ಕಡಿಮೆ ಉಪ್ಪಿರುವ ನೀರಿನಲ್ಲಿ, ನಿಧಾನವಾದ ಗಾಳಿಗುಳ್ಳೆಗಳ ಅಡಿಯಲ್ಲಿ, ನ್ಯಾನೊಕ್ಲೋರಾಪ್ಸಿಸ್ ಎಂಬ ಹಸಿರು ಪಾಚಿಯನ್ನು ತಿನ್ನಿಸಿ ಅವುಗಳನ್ನು ಬೆಳೆಸಬಹುದು. ದಿನಕ್ಕೆ ಕಾಲು ಭಾಗದಷ್ಟನ್ನು ಸೂಕ್ಷ್ಮ ಜಾಲರಿಯಲ್ಲಿ ಸೋಸಿ ತೆಗೆದರೆ ಉಳಿದವು ಮತ್ತೆ ತುಂಬಿಕೊಳ್ಳುತ್ತವೆ. ಒಂದು ಬಕೆಟ್ ಯಾವ ಕಾರಣವೂ ತಿಳಿಯದಂತೆ ರಾತ್ರೋರಾತ್ರಿ ಕುಸಿದುಬೀಳುವುದು ಸಾಮಾನ್ಯವಾದ್ದರಿಂದ, ಎರಡನೆಯದನ್ನು ಬೇರೆ ಕೋಣೆಯಲ್ಲಿ, ಬೇರೆ ಜಾಲರಿ ಬೇರೆ ಮಗ್ಗಿನೊಂದಿಗೆ ಇಡಬೇಕು. ಎರಡೂ ಬಕೆಟ್‌ಗಳು ಕೆಲವು ವಾರ ಕುಸಿಯದೆ ನಡೆದ ಮೇಲಷ್ಟೇ ಮೊಟ್ಟೆಗಳ ಕಡೆ ನೋಡಿ. ಬೇಕರಿ ಯೀಸ್ಟ್ ತಿನ್ನಿಸಿದರೂ ರೋಟಿಫರ್‌ಗಳ ಸಂಖ್ಯೆ ಹೆಚ್ಚುತ್ತದೆ. ಆದರೆ ಮರಿಗಳಿಗೆ ಬೇಕಾದ ಒಮೆಗಾ-3 ಕೊಬ್ಬಿನಾಮ್ಲಗಳು ಅವುಗಳಲ್ಲಿ ಇರುವುದಿಲ್ಲ. ಅಂಥ ಕೊಬ್ಬಿನಾಮ್ಲಗಳಲ್ಲಿ ಇಪಿಎ ಎಂಬುದು ನ್ಯಾನೊಕ್ಲೋರಾಪ್ಸಿಸ್‌ನಲ್ಲಿ ಹೇರಳವಾಗಿದ್ದರೂ ಡಿಎಚ್‌ಎ ಎಂಬುದು ಬಹಳ ಕಡಿಮೆ. ಐಸೋಕ್ರೈಸಿಸ್ ಪಾಚಿ ಆ ಕೊರತೆಯನ್ನು ತುಂಬುತ್ತದೆ. ಮೊದಲ ವಾರವೆಲ್ಲ ಚೆನ್ನಾಗಿದ್ದ ಮರಿಗಳು ಬಿಳಿಪಟ್ಟೆ ಮೂಡುವ ಹೊತ್ತಿಗೆ ಸಾಲುಸಾಲಾಗಿ ಸತ್ತರೆ ಮೊದಲು ಅನುಮಾನಿಸಬೇಕಾದದ್ದು ಡಿಎಚ್‌ಎ ಕೊರತೆಯನ್ನೇ.

ಮೊಟ್ಟೆಗಳು ಕಿತ್ತಳೆ ಬಣ್ಣದಿಂದ ಕಂದಾಗಿ, ಒಳಗಿನ ಕಣ್ಣುಗಳು ಬೆಳ್ಳಿಯಂತೆ ಹೊಳೆಯತೊಡಗಿದರೆ ಅಂದಿನ ಅಥವಾ ಮರುದಿನದ ರಾತ್ರಿ ಒಡೆಯುತ್ತವೆಂದು ತಿಳಿಯಿರಿ. 26ರಿಂದ 28 ಡಿಗ್ರಿಯಲ್ಲಿ ಮೊಟ್ಟೆಯಿಟ್ಟ ದಿನದಿಂದ ಒಡೆಯಲು ಏಳರಿಂದ ಹತ್ತು ದಿನ ಹಿಡಿಯುತ್ತದೆ. ದೀಪ ಆರಿಸಿದ ಒಂದೆರಡು ಗಂಟೆಯೊಳಗೆ ಮರಿಗಳು ಮೇಲೇಳುತ್ತವೆ. ಪಂಪುಗಳನ್ನು ನಿಲ್ಲಿಸಿ ಒಂದು ಮೂಲೆಯಲ್ಲಿ ಟಾರ್ಚ್ ಹಿಡಿದರೆ ಅವು ಬೆಳಕಿನತ್ತ ಗುಂಪುಗೂಡುತ್ತವೆ, ಆಗ ನೀರಿನ ಸಮೇತ ಜಗ್ಗಿನಲ್ಲಿ ಮೊಗೆದುಕೊಳ್ಳಬೇಕು. ಬಲೆಯನ್ನು ಮುಟ್ಟಲೇಬೇಡಿ, ಈ ವಯಸ್ಸಿನಲ್ಲಿ ನೀರಿನಿಂದ ಹೊರತೆಗೆದ ಮರಿ ಬದುಕುವುದಿಲ್ಲ. ಸಾಕುವ ಟಬ್ಬಿನ ಗೋಡೆಗಳು ಕಪ್ಪಾಗಿರಲಿ, ನೀರಿಗೆ ತುಸು ಹಸಿರು ಬರುವಷ್ಟು ಪಾಚಿ ಸೇರಿಸಿ, ಮೊದಲ ದಿನಗಳಲ್ಲಿ ಬೆಳಕು ಮಂದವಾಗಿರಲಿ. ಸುಮಾರು ಐದನೆಯ ದಿನದಿಂದ ಆಗತಾನೇ ಒಡೆದ ಆರ್ಟೀಮಿಯಾವನ್ನು (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಸ್ವಲ್ಪಸ್ವಲ್ಪವಾಗಿ ಕೊಡಬಹುದು, ಆದರೆ ರೋಟಿಫರ್ ಅನ್ನು ಒಮ್ಮೆಲೇ ನಿಲ್ಲಿಸಬಾರದು. ಎಂಟರಿಂದ ಹದಿನೈದು ದಿನಗಳ ನಡುವೆ ಮರಿಗಳು ರೂಪಾಂತರ ಹೊಂದಿ, ತಲೆಯ ಹಿಂದೆ ಮೊದಲ ಪಟ್ಟೆ ಮೂಡಿ, ತಳದ ಕಡೆಗೆ ಇಳಿಯುತ್ತವೆ. ಅಲ್ಲಿಗೆ ತಲುಪಿದವುಗಳಲ್ಲಿ ಹೆಚ್ಚಿನವು ಉಳಿಯುತ್ತವೆ.

ಉತ್ತರ: ಪಡುಗಡಲು_ಮಂಗಳೂರು

ಹಸಿರುನೀರು ಅವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಟಾರ್ಚಿನ ವಿಧಾನವೊಂದನ್ನು ಬಿಟ್ಟು. ಆರಡಿಯ ತೊಟ್ಟಿಯಲ್ಲಿ, ಅದೂ ಬಂಡೆಗಳ ನಡುವೆ, ಟಾರ್ಚಿಗೆ ಬರುವ ಮರಿಗಳಿಗಿಂತ ಬಾರದೆ ಹೋಗುವವೇ ಹೆಚ್ಚು. ಮೊಟ್ಟೆಯಿಡುವ ಜಾಗದ ಬಳಿಯಲ್ಲೇ ಒಂದು ಚಿಕ್ಕ ಮಣ್ಣಿನ ಕುಂಡವನ್ನೋ ನೆಲಕ್ಕೆ ಹಾಸುವ ಟೈಲ್ಸ್ ತುಂಡನ್ನೋ ಒರಗಿಸಿಡಿ. ಜೋಡಿ ಒಂದೆರಡು ಸರದಿಯಲ್ಲಿ ಅದಕ್ಕೆ ಒಗ್ಗಿಕೊಳ್ಳುವ ಸಾಧ್ಯತೆ ಹೆಚ್ಚು. ಒಡೆಯುವ ದಿನದ ಸಂಜೆ ಆ ಟೈಲ್ಸನ್ನು ನೀರಿನೊಳಗೇ ಪಾತ್ರೆಗೆ ಇಳಿಸಿ ಟಬ್ಬಿಗೆ ಸಾಗಿಸಬಹುದು. ಗಂಡು ಮೀನು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ರಂಧ್ರಗಳ ಕಲ್ಲು) ಮಾಡಬೇಕಾದ್ದರಿಂದ, ಗುಳ್ಳೆಗಳು ಮೊಟ್ಟೆಗಳಿಗೆ ನೇರವಾಗಿ ತಾಕದೆ ಅವುಗಳ ಪಕ್ಕದಲ್ಲಿ ನೀರನ್ನು ಎಬ್ಬಿಸುವಂತೆ ಇಡಬೇಕು.

ಟಬ್ಬಿಗೆ ಹೊಸದಾಗಿ ಕಲಸಿದ ಉಪ್ಪುನೀರನ್ನು ಹಾಕದೆ ಮುಖ್ಯ ತೊಟ್ಟಿಯ ನೀರನ್ನೇ ಬಳಸಿ. ಚಿಕ್ಕ ಟಬ್ಬಿನಲ್ಲಿ ಅಮೋನಿಯಾ ಬಹುಬೇಗ ಏರುತ್ತದೆ. ಈಗಿನಿಂದಲೇ ಒಂದು ಸ್ಪಂಜ್ ಫಿಲ್ಟರನ್ನು ಸಂಪ್‌ನಲ್ಲಿ ಮುಳುಗಿಸಿಟ್ಟರೆ ಬೇಕಾದ ಹೊತ್ತಿಗೆ ಅದರಲ್ಲಿ ಬ್ಯಾಕ್ಟೀರಿಯಾ ನೆಲೆಸಿರುತ್ತವೆ. ನಿಮ್ಮೂರಿನ ಡಿಸೆಂಬರ್ ರಾತ್ರಿಗಳಲ್ಲಿ 30 ಲೀಟರಿನ ಟಬ್ಬು ದೊಡ್ಡ ತೊಟ್ಟಿಗಿಂತ ಬಹಳ ಬೇಗ ತಣ್ಣಗಾಗುತ್ತದೆಂಬುದೂ ನೆನಪಿರಲಿ. ಹೀಟರನ್ನು ಮತ್ತು ಗಾಳಿಯ ಪಂಪನ್ನು ಇನ್ವರ್ಟರ್ ಸಾಲಿಗೆ ಜೋಡಿಸಿ, ಹೀಟರಿನ ಭಾರವನ್ನು ಇನ್ವರ್ಟರ್ ತಾಳದಿದ್ದರೆ ಪಂಪನ್ನಾದರೂ ಜೋಡಿಸಿ. (ನಮ್ಮ ಕಡೆಯ ಸಮಸ್ಯೆ ಇದಕ್ಕೆ ತದ್ವಿರುದ್ಧ: ಏಪ್ರಿಲ್ ಬಂತೆಂದರೆ ಚಿಲ್ಲರ್ ಇಲ್ಲದೆ ನಡೆಯುವುದಿಲ್ಲ. ಕಡಲು ಪಕ್ಕದಲ್ಲೇ ಇದ್ದರೂ ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ನೀರು ಸೇರಿ ದಡದ ನೀರು ಸಪ್ಪೆಯೂ ಕದಡಿದ್ದೂ ಆಗಿರುವುದರಿಂದ ನಾವೂ ಉಪ್ಪಿನ ಚೀಲವನ್ನೇ ಕೊಳ್ಳುತ್ತೇವೆ.)

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ನಿಮ್ಮ ತೊಟ್ಟಿಯಲ್ಲೇ ಇದೆ. ಬಂಗ್ಗಾಯ್ ಕಾರ್ಡಿನಲ್‌ಗೆ ತೇಲುವ ಲಾರ್ವಾ ಹಂತವೇ ಇಲ್ಲ. ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ಬಾಯಲ್ಲಿ ತೆಗೆದುಕೊಂಡು, ಹೆಚ್ಚುಕಡಿಮೆ ಒಂದು ತಿಂಗಳು ಉಪವಾಸವಿದ್ದು, ದೊಡ್ಡ ಮೀನಿನದೇ ಆಕಾರದ ಪುಟ್ಟ ಮರಿಗಳನ್ನು ಹೊರಬಿಡುತ್ತದೆ. ಅವು ಮೊದಲ ದಿನದಿಂದಲೇ ಆರ್ಟೀಮಿಯಾ ತಿನ್ನುವುದರಿಂದ ರೋಟಿಫರಿನ ಗೊಡವೆಯೇ ಬೇಡ, ಆದರೆ ಆರ್ಟೀಮಿಯಾಕ್ಕೆ ಡಿಎಚ್‌ಎ ಉಣಿಸಿಯೇ ಕೊಡಬೇಕು. ಇಲ್ಲವಾದರೆ ಚಿಕ್ಕ ಸದ್ದಿಗೂ ಬೆಚ್ಚಿ, ಸೆಟೆದು ಸಾಯುತ್ತವೆ. ಕೆಳದವಡೆ ಉಬ್ಬಿ ಊಟ ಬಿಟ್ಟ ಗಂಡನ್ನು ಗುರುತಿಸಿ, ಮೂರನೆಯ ವಾರದ ನಂತರ ಸಾವಧಾನವಾಗಿ ಬೇರೆ ತೊಟ್ಟಿಗೆ ಬಿಡಿ. ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಸುತ್ತಲಷ್ಟೇ ಸಹಜವಾಗಿ ಸಿಗುವ ಈ ಮೀನು 2007ರಿಂದ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅಪಾಯದಂಚಿನ ಜಾತಿಯಾಗಿದೆ. ಮನೆಯಲ್ಲಿ ಮರಿ ಮಾಡಿಸಲು ಇದಕ್ಕಿಂತ ಯೋಗ್ಯವಾದ ಮೀನು ನನಗೆ ಕಾಣುವುದಿಲ್ಲ.

ಅಂದ ಹಾಗೆ ನಾಲ್ಕು ಬಂಗ್ಗಾಯ್‌ಗಳಲ್ಲಿ ಜೋಡಿಯೊಂದು ಏರ್ಪಟ್ಟ ಮೇಲೆ ಉಳಿದೆರಡನ್ನು ಅವು ಬದುಕಗೊಡುವುದು ಅಪರೂಪ. ಮೂಲೆಗೆ ಸರಿದಿರುವ ಮೀನು ಕಂಡರೆ ತಡಮಾಡದೆ ಬೇರೆಡೆಗೆ ಸಾಗಿಸಿ.

ಪ್ರಶ್ನೆ ಕೇಳಿದವರು: ಉಪ್ಪುನೀರು_ಬೆಂಗಳೂರು

ಇಬ್ಬರಿಗೂ ಕೃತಜ್ಞತೆಗಳು. ನಾಲ್ಕರಲ್ಲಿ ಒಂದು ಬಂಗ್ಗಾಯ್ ನಿಜಕ್ಕೂ ಓವರ್‌ಫ್ಲೋ ಪೆಟ್ಟಿಗೆಯ (ನೀರು ಸಂಪ್‌ಗೆ ಇಳಿಯುವ ಪೆಟ್ಟಿಗೆ) ಹಿಂದೆಯೇ ಇರುತ್ತದೆ. ಇಂದೇ ಸಂಪ್‌ಗೆ ಬಿಡುತ್ತೇನೆ. ಫ್ಲೇಮ್ ಏಂಜೆಲ್‌ಗಳು ದೀಪ ಆರುವ ಹೊತ್ತಿಗೆ ಒಟ್ಟಿಗೆ ಮೇಲಕ್ಕೆ ಏರಿ ತಟ್ಟನೆ ಬೇರೆಯಾಗುವುದನ್ನು ಗಮನಿಸಿದ್ದೇನೆ. ಅವು ಮೊಟ್ಟೆಯಿಡುತ್ತಿವೆಯೇ? ಹಾಗೆಯೇ, ಮರಿಗಳು ಉಳಿದವೆಂದರೆ ಅಷ್ಟನ್ನೂ ಏನು ಮಾಡಬೇಕು?

ಉತ್ತರ: ಹಸಿರುನೀರು

ಹೌದು, ಅದು ಮೊಟ್ಟೆಯಿಡುವ ಕ್ರಿಯೆಯೇ. ಆದರೆ ಏಂಜೆಲ್ ಮತ್ತು ಟ್ಯಾಂಗ್‌ಗಳ ಮೊಟ್ಟೆಗಳು ಯಾವುದಕ್ಕೂ ಅಂಟದೆ ತೇಲುತ್ತವೆ, ಅವುಗಳ ಲಾರ್ವಾದ ಬಾಯಿಗೆ ರೋಟಿಫರ್ ಕೂಡ ದೊಡ್ಡದಾಗುತ್ತದೆ. ಕೋಪೆಪಾಡ್ ಎಂಬ ಸೂಕ್ಷ್ಮ ಕಠಿಣಚರ್ಮಿಗಳ ಅತಿಸಣ್ಣ ಮರಿಗಳನ್ನು ನಿತ್ಯ ಬೆಳೆಸಿ ಕೊಡಬೇಕು. ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್‌ನಂಥ ಸಂಸ್ಥೆಗೇ ಹಳದಿ ಟ್ಯಾಂಗನ್ನು ಮೊಟ್ಟೆಯಿಂದ ಬೆಳೆಸುವುದು ಸಾಧ್ಯವಾದದ್ದು 2015ರಲ್ಲಿ, ಅದೂ ವರ್ಷಗಟ್ಟಲೆ ಪ್ರಯತ್ನಿಸಿದ ಮೇಲೆ. ಆ ದಾರಿಯನ್ನು ಸದ್ಯಕ್ಕೆ ಬಿಡಿ. ಕ್ಲೌನ್ ಮೀನಿನ ವಿಷಯದಲ್ಲಿ ಮಾತ್ರ ನಮ್ಮ ದೇಶದಲ್ಲೇ ಅನುಭವವಿದೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳಲ್ಲಿ ಮರಿ ಉತ್ಪಾದನೆಯ ವಿಧಾನಗಳನ್ನು ರೂಪಿಸಿದೆ.

ಮರಿಗಳನ್ನು ಒಂದು ಇಂಚಿನಷ್ಟಾದ ಮೇಲೆ ಪರಿಚಿತ ಹವ್ಯಾಸಿಗಳಿಗೋ ಅಂಗಡಿಗೋ ಕೊಡಬಹುದು. ಕೊಡುವಾಗ ಎರಡೆರಡಾಗಿ ಕೊಡಿ: ಎಲ್ಲ ಮರಿಗಳೂ ಮೊದಲು ಗಂಡಾಗಿ ಬಲಿಯುವುದರಿಂದ ಯಾವ ಎರಡನ್ನು ಒಟ್ಟಿಗೆ ಬೆಳೆಸಿದರೂ ಮೇಲುಗೈ ಸಾಧಿಸಿದ್ದು ಮುಂದೆ ಹೆಣ್ಣಾಗುತ್ತದೆ. ಮೀನುಗಳಿಗೆ ಬದಲಾಗಿ ಗಟ್ಟಿ ಹವಳ ಕೊಡುತ್ತೇವೆಂದು ಯಾರಾದರೂ ಮುಂದೆ ಬಂದರೆ, ಅದು ನೇತ್ರಾಣಿಯದಾಗಲಿ ಲಕ್ಷದ್ವೀಪದ್ದಾಗಲಿ, ಸ್ವೀಕರಿಸಬೇಡಿ. ಬಂಡೆ ಕಟ್ಟುವ ಹವಳಗಳು, ಹಾಗೆಯೇ ಕಡಲ್ಗುದುರೆಗಳು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾಗಿವೆ. ನಮ್ಮ ಕಡಲಿನಿಂದ ಕಿತ್ತು ತರುವುದೂ ಮಾರುವುದೂ ಅಪರಾಧ.

ಪಾಚಿಯನ್ನು ಎಲ್ಲಿಂದ ತರಿಸುತ್ತೀರೆಂದು ತಿಳಿಸಿ. ರೆಫ್ರಿಜರೇಟರಿನಲ್ಲಿಡುವ ಗಾಢ ದ್ರಾವಣವೋ ಜೀವಂತ ಪಾಚಿಯೋ ಎಂಬುದರ ಮೇಲೆ ರೋಟಿಫರ್ ಬಕೆಟ್ಟಿಗೆ ದಿನಕ್ಕೆ ಎಷ್ಟು ಹಾಕಬೇಕೆಂಬುದು ಬದಲಾಗುತ್ತದೆ.