ನಮ್ಮನೆ ಗ್ರೂಪಲ್ಲಿ ಪಿಎಚ್‌ಡಿ ಪ್ರಶಸ್ತಿ ಗಲಾಟೆ

ಸಕಲೇಶಪುರ ಮಾವ: (ಫೋಟೋ) ಪುಟ್ಟಿ ಇದಕ್ಕೆ ಅರ್ಜಿ ಹಾಕಮ್ಮ, ಎಲ್ಲಾ ವಿಭಾಗಕ್ಕೂ ಸೇರಿ ಒಬ್ರಿಗೆ ಅತ್ಯುತ್ತಮ ಸಂಶೋಧನಾ ವಿದ್ಯಾರ್ಥಿ ಅಂತ ಕೊಡ್ತಾರಂತೆ, ಶುಕ್ರವಾರ ಲಾಸ್ಟ್ ಡೇಟು

ನಾನು: ನೋಡ್ದೆ ಮಾವ, ಹಾಕಲ್ಲ. ಕೆಳಗಡೆ ಸಣ್ಣಕ್ಷರ ಓದಿ, ಅರ್ಧ ಮಾರ್ಕ್ಸು ಇಂಟರ್‌ನ್ಯಾಷನಲ್ ಜರ್ನಲ್ ಪೇಪರಿಗೇ ಇಟ್ಟಿದಾರೆ. ಶಾಸನದ ಬಗ್ಗೆ ಕನ್ನಡದಲ್ಲಿ ಬರೆಯೋಳು ನಾನು, ಆ ಕಾಲಮ್ಮಲ್ಲಿ ನಂಗೆ ಸೊನ್ನೆ

ಬೆಂಗಳೂರು ಭಾವ: ಎಲ್ರಿಗೂ ಒಂದೇ ರೂಲ್ ಇದ್ರೇನೇ ನ್ಯಾಯ ಅಲ್ವೇನಮ್ಮ. ಸರ್ಕಾರನೂ ಭೇದ ಮಾಡಿಲ್ಲ, ಪಿಎಚ್‌ಡಿ ಮಾಡೋರಿಗೆ ಕೊಡೋ ಜೆಆರ್‌ಎಫ್ ಫೆಲೋಶಿಪ್ಪು 2023ರಿಂದ ತಿಂಗಳಿಗೆ 37 ಸಾವಿರ, ಸೈನ್ಸಿಗೂ ಅಷ್ಟೇ ಕನ್ನಡಕ್ಕೂ ಅಷ್ಟೇ

ನಾನು: ಜೆಆರ್‌ಎಫ್ ಸರಿ ಭಾವ, ಆದ್ರೆ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ಪು ಮೊದಲ ಎರಡು ವರ್ಷನೇ ತಿಂಗಳಿಗೆ 70 ಸಾವಿರ, ಅದು ವಿಜ್ಞಾನ ತಂತ್ರಜ್ಞಾನದೋರಿಗೆ ಮಾತ್ರ. ಹೋಗ್ಲಿ, ನನ್ನ ತಕರಾರು ದುಡ್ಡಿಂದಲ್ಲ, ಅಳೆಯೋ ಸೇರು ಯಾವ್ದು ಅನ್ನೋದು. ಮೊನ್ನೆ ಬೇಲೂರ ಹತ್ರ ಒಂದು ವೀರಗಲ್ಲು, ಪಾಚಿ ಉಜ್ಜಿ ತೊಳೆದು ಒದ್ದೆ ಕಾಗದ ಹಾಕಿ ಬ್ರಷ್ಷಲ್ಲಿ ತಟ್ಟಿ ತಟ್ಟಿ ಅಕ್ಷರದ ಗುಳಿಗೆಲ್ಲ ಕೂರ್ಸಿ ಇನ್ನೇನು ಮಸಿ ಹಚ್ಬೇಕು ಅನ್ನೋಷ್ಟರಲ್ಲಿ ಜಡಿಮಳೆ ಹಿಡ್ಕೊಂಡು ಪಡಿಯಚ್ಚು ಪೂರಾ ಹಾಳು, ಮಾರನೇ ದಿನ ಮತ್ತೆ ಮೊದಲಿಂದ. 1902ರಲ್ಲಿ ರೈಸ್ ಸಾಹೇಬ್ರು ತಂದ ಹಾಸನ ಜಿಲ್ಲೆ ಶಾಸನ ಸಂಪುಟ ಪಕ್ಕದಲ್ಲಿಟ್ಕೊಂಡು ಸವೆದ ಒಂದು ಸಾಲು ಓದಕ್ಕೆ ಎರಡು ವಾರ ಹಿಡೀತು. ಇದಕ್ಕೆ ಯಾವ ಕಾಲಮ್ಮಿದೆ ಹೇಳಿ

ದೊಡ್ಡಮ್ಮ: ಏನಿತ್ತೇ ಆ ಸಾಲಲ್ಲಿ

ಬಾಳೆಹೊನ್ನೂರು ತಮ್ಮ: ಅಕ್ಕ, ಸೈನ್ಸ್ ಅಂದ್ರೆ ಎಲ್ಲಾ ಒಂದೇ ಅನ್ಕೋಬೇಡ. ನಂದು ಕಾಫಿ ಗಿಡ ಕೊರೆಯೋ ಬಿಳಿ ಕಾಂಡಕೊರಕ ಹುಳದ ಮೇಲಿನ ಕೆಲ್ಸ, ದುಂಬಿ ಹೊರಗೆ ಬರೋದು ಏಪ್ರಿಲ್ ಮೇ, ಆಮೇಲೆ ಅಕ್ಟೋಬರಿಂದ ಡಿಸೆಂಬರ್, ಅದು ತಪ್ತೋ ಮುಂದಿನ ಸೀಸನ್ನಿನವರೆಗೂ ಕಾಯ್ಬೇಕು. ಅರೇಬಿಕಾ ಗಿಡದ ಬುಡ ಸೀಳಿ ಹುಳ ಎಣಿಸ್ತಾ ಮೂರು ವರ್ಷಕ್ಕೆ ಒಂದು ಪೇಪರ್ ಆಯ್ತು. ಕಂಪ್ಯೂಟರ್ ಸೈನ್ಸಲ್ಲಿರೋ ನನ್ನ ರೂಮ್‌ಮೇಟಿಂದು ಅಷ್ಟರಲ್ಲಿ ಏಳು. ಅವ್ನೂ ಕಷ್ಟಪಟ್ಟಿದಾನೆ, ಇಲ್ಲ ಅನ್ನಲ್ಲ, ಆದ್ರೆ ನಮ್ಮಿಬ್ರನ್ನ ಒಂದೇ ತಕ್ಕಡೀಲಿ ಹಾಕಿದ್ರೆ ಹೆಂಗೆ

ಭಾವ: ಹಂಗಾದ್ರೆ ಪ್ರಶಸ್ತಿನೇ ಬೇಡ್ವಾ?

ನಾನು: ಬೇಕು ಭಾವ, ವಿಷಯಕ್ಕೊಂದು ಕೊಡ್ಲಿ, ಆ ವಿಷಯ ಗೊತ್ತಿರೋರು ಥೀಸಿಸ್ ಓದಿ ಆರಿಸ್ಲಿ, ಪೇಪರ್ ಎಣಿಸೋದಲ್ಲ. ಇನ್ಫೋಸಿಸ್ ಪ್ರಶಸ್ತಿ ನೋಡಿ, ಆಗ್ಲೇ ಹೆಸರು ಮಾಡಿದ ಸಂಶೋಧಕರಿಗೆ ಕೊಡೋದು ನಿಜ, ಆದ್ರೂ ಆರು ವಿಭಾಗ ಮಾಡಿ ಒಂದೊಂದಕ್ಕೂ ಬೇರೆ ತೀರ್ಪುಗಾರರನ್ನ ಇಟ್ಟಿದಾರೆ, ಗಣಿತಕ್ಕೂ ಮಾನವಿಕಕ್ಕೂ ಒಂದೇ ಮೊತ್ತ, 1 ಲಕ್ಷ ಡಾಲರು

ಭಾವ: ಅವ್ರತ್ರ ದುಡ್ಡಿದೆ. ಇಲ್ಲಿ ಇರೋದೇ ಒಂದು ಪ್ರಶಸ್ತಿ

ತಮ್ಮ: ಹಂಗಾದ್ರೆ ಸರದಿ ಮೇಲೆ ಕೊಡ್ಲಿ ಭಾವ, ಒಂದ್ವರ್ಷ ಭಾಷೆ, ಒಂದ್ವರ್ಷ ಕೃಷಿ

ನಾನು: ಇದು ಸರಿಯಾದ ಮಾತು. ದೊಡ್ಡಮ್ಮ, ತುರುಗೋಳಲ್ಲಿ, ಅಂದ್ರೆ ಊರ ದನ ಹೊಡ್ಕೊಂಡ್ಹೋಗಕ್ಕೆ ಬಂದೋರ ಜೊತೆಗಿನ ಕಾಳಗದಲ್ಲಿ, ದನ ಬಿಡಿಸ್ಕೊಂಡು ಸತ್ತೋನ ಕಲ್ಲದು, ಆ ಸಾಲಲ್ಲಿದ್ದಿದ್ದು ಕಲ್ಲು ನಿಲ್ಸಿದ ಅವನ ತಾಯಿ ಹೆಸರು

ದೊಡ್ಡಮ್ಮ: ಅಯ್ಯೋ ಪಾಪ. ನಂಗೂ ಒಂದ್ಸಲ ಕರ್ಕೊಂಡ್ಹೋಗಿ ತೋರ್ಸೇ

ಮಾವ: ಪುಟ್ಟಿ, ಅರ್ಜಿ ಬೇಡ ಅಂದ್ರೆ ಬೇಡ, ನೀನೂ ತಮ್ಮನೂ ಈ ಸರದಿ ಮಾತನ್ನೇ ಪತ್ರ ಬರ್ದು ಸೈನ್ ಹಾಕಿ ಶುಕ್ರವಾರದೊಳಗೆ ಕಳ್ಸಿ

ಭಾವ: ನಾನಂತೂ ಒಪ್ಪಿಲ್ಲ. ಆದ್ರೂ ಡ್ರಾಫ್ಟ್ ಇಲ್ಲಿ ಹಾಕಿ, ನೋಡಿ ಕೊಡ್ತೀನಿ